ಗಡಿಯಾರಕ್ಕೆ ಹೇಳಿದ ಮಾತು

"ಗಾಡಿ ಕೆಟ್ಟಿಲ್ಲ ಸಾರ್. ಒಳಗಿರೋರು ಮಾತು ಬಿಟ್ಟಿದ್ದಾರೆ, ಅಷ್ಟೇ."

ವೈರಿಂಗ್ ಮೇಸ್ತ್ರಿ ಹೀಗೆಂದು ಕಾರಿನ ಸ್ಟೀರಿಂಗ್ ಕೆಳಗಿನಿಂದ ತಲೆ ಹೊರಗೆ ತೆಗೆದಾಗ ಫ್ಯಾನಿನ ಮುಖ ಕೆಂಪಾಯಿತು. ಫ್ಯಾನು ಎಂದರೆ ಮನುಷ್ಯ. ಸೀಲಿಂಗ್ ಫ್ಯಾನ್ ಅಂಗಡಿಯಲ್ಲಿ ಮಾರಾಟಕ್ಕೆ ನಿಂತು ನಿಂತು, ಯಾರು ಏನು ಕೇಳಿದರೂ ಮೊದಲು ನಿಂತಲ್ಲೇ ಒಂದು ಸುತ್ತು ತಿರುಗಿ ಆಮೇಲೆ ಉತ್ತರ ಕೊಡುವ ಚಾಳಿ ಹತ್ತಿದ್ದರಿಂದ ಬೀದಿಯವರು ಇಟ್ಟ ಹೆಸರು ಅದು.

"ನಮ್ಮನೆ ವಿಷಯ ನಿಮಗ್ಯಾರ್ರೀ ಹೇಳಿದ್ದು?"

"ಮನೆ ವಿಷಯ ಅಲ್ಲ ಸಾರ್, ಗಾಡಿ ವಿಷಯ."

"ಎದುರು ಮನೆ ಟೈಲರಮ್ಮ ತಾನೆ? ಊರವರ ಬಟ್ಟೆ ಹೊಲಿಯೋದು ಬಿಟ್ಟು ಅವಳು ಮೊದಲು ತನ್ನ ಬಾಯಿ ಹೊಲ್ಕೋಬೇಕು."

ಮೇಸ್ತ್ರಿ ಕೈ ಒರೆಸಿಕೊಂಡ. ಅವನು ಯಾವುದೋ ಕಂಪನಿಯವರು ನಡೆಸಿದ ತರಬೇತಿಗೆ ಹೋಗಿಬಂದವನು. ಅಲ್ಲಿ ಕೊಟ್ಟ ಟೋಪಿಯನ್ನು ಸ್ನಾನಕ್ಕೆ ಮಾತ್ರ ತೆಗೆಯುತ್ತಿದ್ದ. ಕಲಿತದ್ದನ್ನು ಕೇಳುವ ಕಿವಿ ಸಿಗದೆ ಬಹಳ ದಿನದಿಂದ ಹೊಟ್ಟೆ ಉಬ್ಬರಿಸಿಕೊಂಡಿದ್ದ. ಈಗ ಸಿಕ್ಕಿತು.

"ನೋಡಿ ಸಾರ್. ಈ ಗಾಡಿ ಒಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಪೆಟ್ಟಿಗೆ. ಇಂಜಿನ್ನಿಗೊಂದು, ಬ್ರೇಕಿಗೊಂದು, ಸ್ಟೀರಿಂಗಿಗೊಂದು, ಬಾಗಿಲಿಗೊಂದು. ಎಲ್ಲಕ್ಕೂ ತಲೆ ಇದೆ. ಇವೆಲ್ಲ ಮಾತಾಡೋದು ಈ ಎರಡೇ ತಂತಿ ಮೇಲೆ. ಜಡೆ ಹೆಣೆದ ಹಾಗೆ ಇದೆ ನೋಡಿ, ಇದೇ. ಯಾರೂ ಯಾರನ್ನೂ ಹೆಸರು ಹಿಡಿದು ಕರೆಯಲ್ಲ. ಬ್ರೇಕಿನ ಪೆಟ್ಟಿಗೆ 'ಚಕ್ರ ಇಷ್ಟು ಜೋರಾಗಿ ತಿರುಗ್ತಿದೆ' ಅಂತ ಸುಮ್ನೆ ಕೂಗುತ್ತೆ. ಎಲ್ಲರಿಗೂ ಕೇಳಿಸುತ್ತೆ. ಬೇಕಾದೋರು ತಗೋತಾರೆ, ಬೇಡದೋರು ಬಿಡ್ತಾರೆ."

ಫ್ಯಾನು ಒಂದು ಸುತ್ತು ತಿರುಗಿದ. "ಮನೆ ವಿಷಯ ಅಲ್ಲ ಅಂತೀರಿ, ಮತ್ತೆ ಅದನ್ನೇ ಹೇಳ್ತೀರಲ್ರೀ!"

ಅವನ ಅನುಮಾನದಲ್ಲಿ ತಪ್ಪಿರಲಿಲ್ಲ. ಅವರ ಮನೆಯೂ ಹಾಗೇ ನಡೆಯುತ್ತಿತ್ತು. ಫ್ಯಾನಿಗೆ ಒಬ್ಬ ಅಣ್ಣ. ತೂಕ-ಅಳತೆ ಕಚೇರಿಯಲ್ಲಿ ಅಂಗಡಿಯವರ ಬಟ್ಟುಗಳಿಗೆ ಮುದ್ರೆ ಒತ್ತುವ ಕೆಲಸ, ಮದುವೆಯ ಗೊಡವೆಗೆ ಹೋಗದ ಆಸಾಮಿ. ಬೀದಿಗೆ ಅವನು ತಕ್ಕಡಿ. ಅಪ್ಪ ತೀರಿಕೊಂಡ ವರ್ಷ ಮನೆಯ ಗೇಟಿಗೆ ಬಣ್ಣ ಬಳಿಸುವ ಮಾತು ಬಂತು. ತಕ್ಕಡಿ ಹಸಿರು ಎಂದ, ಫ್ಯಾನು ಕಪ್ಪು ಎಂದ. ಇಬ್ಬರೂ ಒಂದೇ ದಿನ ಡಬ್ಬಿ ತಂದರು. ಗೇಟಿನ ಎಡ ಪಾಲು ಹಸಿರಾಯಿತು, ಬಲ ಪಾಲು ಕಪ್ಪಾಯಿತು, ಅಣ್ಣತಮ್ಮಂದಿರ ಮಾತು ನಿಂತಿತು. ಬಣ್ಣ ಆಮೇಲೆ ಅಲ್ಲಲ್ಲಿ ಉದುರಿತು. ಹಟ ಉದುರಲಿಲ್ಲ.

ಆದರೆ ಒಂದೇ ಸೂರಿನ ಕೆಳಗೆ ನೀರು, ದೀಪ, ಗ್ಯಾಸು ಎಂದು ನೂರೆಂಟು ವಿಷಯ ಇರುತ್ತವಲ್ಲ. ಅದಕ್ಕೆ ಅವರು ಹಾಲಿನ ಗೋಡೆ ಗಡಿಯಾರವನ್ನು ನೇಮಿಸಿಕೊಂಡಿದ್ದರು. ತಕ್ಕಡಿ ಗಡಿಯಾರದ ಕಡೆ ತಿರುಗಿ, "ಯಾರೋ ಬಚ್ಚಲಿನ ನಲ್ಲಿ ತೊಟ್ಟಿಕ್ಕೋಕೆ ಬಿಟ್ಟಿದ್ದಾರೆ" ಎನ್ನುವನು. ಫ್ಯಾನು ಬಂದು ಅದೇ ಗಡಿಯಾರಕ್ಕೆ, "ತೊಟ್ಟಿಕ್ಕೋ ನಲ್ಲಿಗೆ ಹೊಸ ವಾಷರ್ ಹಾಕಿಸೋದು ಹಿರಿಯರ ಕೆಲಸ" ಎನ್ನುವನು. ಗಡಿಯಾರ ಪಾಪ ಇಬ್ಬರ ಮಾತನ್ನೂ ಕೇಳಿಕೊಂಡು ತನ್ನ ಪಾಡಿಗೆ ತಾನು ಟಿಕ್ ಅನ್ನುವುದು.

ಗಡಿಯಾರದ ಕೆಳಗೆ ಅಮ್ಮನ ಕುರ್ಚಿ. ಮೊದಮೊದಲು ಆಕೆ ಇವನ ಮಾತನ್ನು ಅವನಿಗೆ ಮುಟ್ಟಿಸಲು ಹೋಗಿದ್ದಳು. "ಓಹೋ, ನೀನು ಅವನ ಕಡೆ" ಎಂದು ಇಬ್ಬರೂ ಎರಡೂ ಕಡೆಯಿಂದ ಅಂದಮೇಲೆ ಕೈಬಿಟ್ಟಳು. ಈಗ ಯಾರು ಏನು ಹೇಳಿದರೂ "ಹೂಂ" ಎನ್ನುವಳು. ಅದು ಒಪ್ಪಿಗೆಯಲ್ಲ, ಆಕ್ಷೇಪಣೆಯೂ ಅಲ್ಲ. ಒಂದು ಹೂಂ ಬಿದ್ದರೆ ಹೇಳಿದವನ ಹೊಟ್ಟೆ ತಣ್ಣಗಾಗಿ ಎದ್ದು ಹೋಗುತ್ತಾನೆ ಎಂಬುದು ಆಕೆ ಕಂಡುಕೊಂಡ ಸತ್ಯ.

ಇದನ್ನೇ ಮೇಸ್ತ್ರಿ ಗ್ಯಾರೇಜಿನಲ್ಲಿ ಬೇರೆ ಥರ ಹೇಳುತ್ತಿದ್ದ. "ಒಂದು ಪೆಟ್ಟಿಗೆ ಏನಾದ್ರೂ ಕೂಗಿದ್ರೆ, ಕೇಳಿಸಿಕೊಂಡೋರು ಹೂಂ ಅನ್ಬೇಕು ಸಾರ್. ಯಾರಾದ್ರೂ ಒಬ್ಬರು ಅಂದ್ರೆ ಸಾಕು. ಹೂಂ ಬರಲಿಲ್ಲ ಅಂದ್ರೆ ಹೇಳಿದ್ದನ್ನೇ ಹೇಳ್ತಾ ಕೂರುತ್ತೆ."

"ಕೇಳಬೇಕಾದೋನೇ ಹೂಂ ಅಂದನೋ, ಪಕ್ಕದೋನು ಅಂದನೋ, ಹೆಂಗ್ರೀ ಗೊತ್ತಾಗೋದು?"

"ಅದಕ್ಕೆ ಬೇರೆ ಏರ್ಪಾಡಿದೆ ಸಾರ್. ಅದನ್ನ ಎರಡನೇ ದಿನ ಹೇಳಿಕೊಟ್ರು. ನಾನು ಮೊದಲನೇ ದಿನ ಮಾತ್ರ ಹೋಗಿದ್ದೆ."

ಅದು ಮಂಗಳವಾರ. ಗುರುವಾರ ಬೆಳಿಗ್ಗೆ ಅಮ್ಮನಿಗೆ ಕಣ್ಣಿನ ಆಪರೇಷನ್ ಇತ್ತು. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರಲ್ಲಿ ಬಾಗಿಲ ಸಂದಿಯಿಂದ ಇಣುಕಿದಷ್ಟು ಜಗತ್ತು ಉಳಿದಿತ್ತು. ಕುರ್ಚಿಯಲ್ಲಿ ಕೂತು ನೋಡಿದರೆ ಗೇಟಿನ ಹಸಿರು ಪಾಲು ಒಂದು ಸಲ ಕಾಣುವುದು, ಕುತ್ತಿಗೆ ತಿರುಗಿಸಿದರೆ ಕಪ್ಪು ಪಾಲು ಒಂದು ಸಲ. ಎರಡೂ ಒಟ್ಟಿಗೆ ಕಾಣುತ್ತಿರಲಿಲ್ಲ. ಡಾಕ್ಟರು ಬೇರೆ ಊರಿನಿಂದ ಅಪರೂಪಕ್ಕೆ ಬರುವವರು. "ಹೋದದ್ದು ಬರಲ್ಲ ತಾಯಿ. ಉಳಿದದ್ದನ್ನ ಉಳಿಸಿಕೊಳ್ಳಬಹುದು. ಆದರೆ ಈ ಸಲ ತಪ್ಪಿಸಬೇಡಿ" ಎಂದು ಕೈ ಹಿಡಿದು ಹೇಳಿದ್ದರು. ಆ ಮಾತಿಗೆ ಮಾತ್ರ ಅಮ್ಮ ಹೂಂ ಎನ್ನದೆ, "ಬರ್ತೀನಿ ಡಾಕ್ಟ್ರೇ, ಖಂಡಿತ ಬರ್ತೀನಿ" ಎಂದಿದ್ದಳು.

"ರೋಗ ಏನು ಅಂತ ಹೇಳಿ ಮಾರಾಯರೇ. ಗುರುವಾರ ಗಾಡಿ ಬೇಕು."

ಮೇಸ್ತ್ರಿ ಡ್ಯಾಷ್‌ಬೋರ್ಡಿನ ಹೊಟ್ಟೆಯೊಳಗಿಂದ ತಂತಿ ಸಮೇತ ಒಂದು ಪುಟ್ಟ ಡಬ್ಬಿ ಎಳೆದ. "ಇದು ನಿಮ್ಮದಾ?"

ಫ್ಯಾನು ಸುತ್ತು ತಿರುಗುವುದನ್ನೂ ಮರೆತ. ಅವನದೇ. ಅಪ್ಪ ಸಾಯುವ ಮುಂಚೆ ಕೊಂಡ ಆ ಕಾರು ಇಬ್ಬರ ಹೆಸರಿಗೂ ಬಂದಿತ್ತು. ಕಾಗದದಲ್ಲಿ ಏನೇ ಇರಲಿ, ಕಾರಿನ ಬಾಯಲ್ಲಿ ಸತ್ಯ ಹೊರಡಿಸಬೇಕೆಂದು ಫ್ಯಾನು ಸಂತೆಯಲ್ಲಿ ಆ ಡಬ್ಬಿ ಕೊಂಡು, ತಾನೇ ಕೈಯಾರೆ ಆ ಎರಡು ತಂತಿಗೆ ಕಚ್ಚಿಸಿದ್ದ. ಬಾಗಿಲು ತೆಗೆದರೆ ಹೆಣ್ಣು ದನಿಯೊಂದು, "ಬನ್ನಿ ಯಜಮಾನರೇ, ನಿಮಗಾಗಿ ಕಾಯುತ್ತಿದ್ದೆ" ಎನ್ನುವುದು. ಅಣ್ಣ ಕೇಳಿ ಉರಿದುಬೀಳಲಿ ಎಂಬುದು ಉದ್ದೇಶ. ಆದದ್ದೇ ಬೇರೆ. ಬಾಗಿಲು ಯಾರು ತೆಗೆದರೂ ಡಬ್ಬಿ ಯಜಮಾನರೇ ಎನ್ನುತ್ತಿತ್ತು. ಮೊದಲ ಸಲ ಕೇಳಿದ ತಕ್ಕಡಿಗೆ ಕಣ್ಣು ತುಂಬಿ ಬಂದಿತ್ತು. ವಸ್ತುಗಳಿಗಾದರೂ ನ್ಯಾಯ ತಿಳಿಯುತ್ತದೆ ಎಂದು ಆ ವಾರವೆಲ್ಲ ಕಾರು ಒರೆಸಿದ್ದ.

"ಹಾಗಾದ್ರೆ ಇದು?" ಮೇಸ್ತ್ರಿ ಇನ್ನೊಂದು ಕೈ ಹೊರತೆಗೆದ. ಕಪ್ಪು ಡಬ್ಬಿ, ಅದಕ್ಕೆ ಇಲಿಯ ಬಾಲದಂಥ ತಂತಿ. "ಇದು ಗಾಡಿ ಎಲ್ಲೆಲ್ಲಿ ಹೋಯ್ತು ಅಂತ ಯಾರದ್ದೋ ಮೊಬೈಲಿಗೆ ಚಾಡಿ ಹೇಳೋ ಡಬ್ಬಿ."

ಯಾರ ಮೊಬೈಲಿಗೆ ಎಂದು ಕೇಳುವ ಅಗತ್ಯ ಫ್ಯಾನಿಗೆ ಇರಲಿಲ್ಲ.

"ಎರಡೂ ದರಿದ್ರ ಮಾಲು ಸಾರ್. ಸಾಮಾನ್ಯವಾಗಿ ಇಬ್ಬರು ಒಟ್ಟಿಗೆ ಬಾಯಿ ತೆಗೆದ್ರೆ, ಯಾರ ಮಾತು ಮುಖ್ಯವೋ ಅವರು ಮುಂದುವರಿತಾರೆ, ಇನ್ನೊಬ್ಬರು ತೆಪ್ಪಗೆ ಸರದಿ ಕಾಯ್ತಾರೆ. ಇವೆರಡೂ ತಾನೇ ಎಲ್ಲರಿಗಿಂತ ದೊಡ್ಡೋನು ಅಂತ ಒಂದೇ ಸರದಿ ನಂಬರು ಹಾಕ್ಕೊಂಡು ಅರಚ್ತಿವೆ. ಬ್ರೇಕು, ಸ್ಟೀರಿಂಗು, ಇಂಜಿನ್ನು ಪಾಪ ಬಾಯಿ ಬಿಡೋಕೆ ಸಂದಿಲ್ಲ. ಅದಕ್ಕೇ ಬಿರುಬಿಸಿಲಲ್ಲಿ ವೈಪರ್ ಆಡ್ತಿರೋದು, ದೀಪ ಎಲ್ಲ ಒಟ್ಟಿಗೆ ಹತ್ತಿರೋದು. ಎರಡೂ ಕಿತ್ತುಬಿಡ್ಲಾ?"

"ಅವನದು ಕೀಳಿ. ನಂದು ಇರಲಿ."

ಬುಧವಾರ ಬೆಳಿಗ್ಗೆ ತಕ್ಕಡಿ ಬಂದ. ತಂತಿಯಲ್ಲಿ ನೇತಾಡುತ್ತಿದ್ದ ಎರಡು ಡಬ್ಬಿಗಳನ್ನೂ ಅಂಗೈಯಲ್ಲಿಟ್ಟು ಯಾವುದು ಎಷ್ಟು ಭಾರ ಎಂದು ತೂಗಿ ನೋಡಿದ.

"ಮಾತಾಡೋದನ್ನ ಕೀಳಿ. ಇನ್ನೊಂದು ಇರಲಿ. ಅದನ್ನ ಹಾಕಿಸಿದ್ದು ಒಬ್ಬ ಜವಾಬ್ದಾರಿ ಇರೋ ನೌಕರ."

"ಸಾರ್, ಗಾಡಿ ಇಬ್ಬರದ್ದೂ. ನಾಳೆ ಒಬ್ಬರು ಬಂದು ನನ್ನ ಕುತ್ತಿಗೆ ಹಿಡಿದ್ರೆ? ಇಬ್ಬರೂ ಒಟ್ಟಿಗೆ ಬಂದು ಎದುರುಬದುರು ನಿಂತು ಒಂದು ಮಾತು ಹೇಳಿ. ಚಿಟಿಕೆ ಹೊಡೆಯೋಷ್ಟರಲ್ಲಿ ಮಾಡಿಕೊಡ್ತೀನಿ."

ಸಂಜೆ ಅಣ್ಣತಮ್ಮಂದಿರು ಬಂದರು. ಒಟ್ಟಿಗೆ ಬರಲಿಲ್ಲ, ಒಬ್ಬ ಈ ಫುಟ್‌ಪಾತಿನಲ್ಲಿ, ಇನ್ನೊಬ್ಬ ಆ ಫುಟ್‌ಪಾತಿನಲ್ಲಿ. ಸುದ್ದಿ ಇಬ್ಬರಿಗಿಂತ ಮೊದಲೇ ಬಂದು ಜಾಗ ಹಿಡಿದಿತ್ತು. ಪಂಕ್ಚರ್ ಅಂಗಡಿಯವರು ಟೈರುಗಳ ಮೇಲೆ ಕೂತಿದ್ದರು. ಟೈಲರಮ್ಮ ಸೂಜಿ ಕೊಳ್ಳುವ ನೆಪದಲ್ಲಿ ಬಂದಿದ್ದಳು. ಗ್ಯಾರೇಜಿನಲ್ಲಿ ಸೂಜಿ ಮಾರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಗ್ಯಾರೇಜಿನಲ್ಲಿ ಗಡಿಯಾರವಿರಲಿಲ್ಲ. ಇಬ್ಬರೂ ಗೋಡೆಗಳನ್ನೆಲ್ಲ ಹುಡುಕಿ, ಆಮೇಲೆ ಕಾರಿನ ಬಾನೆಟ್ಟನ್ನು ಆರಿಸಿಕೊಂಡರು.

"ಕಳ್ಳ ಡಬ್ಬಿ ಇಟ್ಟೋರು ಮೊದಲು ತೆಗೀಲಿ" ಎಂದ ಫ್ಯಾನು, ಬಾನೆಟ್ಟಿಗೆ.

"ಹುಚ್ಚು ಡಬ್ಬಿ ಇಟ್ಟೋರು ಮೊದಲು ತೆಗೀಲಿ" ಎಂದ ತಕ್ಕಡಿ, ಅದೇ ಬಾನೆಟ್ಟಿಗೆ.

ಮೇಸ್ತ್ರಿ ಕೈಕಟ್ಟಿ ನಿಂತಿದ್ದ, ಹೂಂ ಎನ್ನಲಿಲ್ಲ. ಹೂಂ ಬಾರದ್ದರಿಂದ ಅವರು ಅದನ್ನೇ ಮತ್ತೆ ಹೇಳಿದರು. ಮತ್ತೆ. ಮತ್ತೆ.

"ಅಯ್ಯೋ, ಆ ತಾಯಿಗೆ ನಾಳೆ ಆಪರೇಷನ್ನು ಕಣ್ರಪ್ಪಾ!" ಎಂದಳು ಟೈಲರಮ್ಮ.

"ಇದು ಮನೆ ವಿಷಯ!" ಎಂದು ಇಬ್ಬರೂ ಒಕ್ಕೊರಲಿನಿಂದ ಅವಳ ಕಡೆ ತಿರುಗಿದರು. ಗೇಟಿಗೆ ಬಣ್ಣ ಬಿದ್ದಂದಿನಿಂದ ಅವರು ಒಮ್ಮತದಿಂದ ಆಡಿದ ಮಾತು ಅದೊಂದೇ. ಮೇಸ್ತ್ರಿ ಟೋಪಿ ಸರಿಮಾಡಿಕೊಂಡು ಷಟರ್ ಎಳೆದ.

ಇನ್ನು ಟ್ಯಾಕ್ಸಿಯೇ ಗತಿ ಎಂಬುದು ತಕ್ಕಡಿಗೂ ಹೊಳೆಯಿತು, ಫ್ಯಾನಿಗೂ ಹೊಳೆಯಿತು. ಮನೆಗೆ ಬಂದ ತಕ್ಕಡಿ ಗಡಿಯಾರದ ಮುಂದೆ ನಿಂತು, "ಗಾಡಿ ಹಾಳು ಮಾಡಿದೋರೇ ಬೆಳಿಗ್ಗೆಗೆ ಟ್ಯಾಕ್ಸಿ ಗೊತ್ತುಮಾಡಬೇಕು" ಎಂದು ಘೋಷಿಸಿ ಕಿವಿ ನಿಮಿರಿಸಿದ.

"ಹೂಂ" ಎಂದಳು ಅಮ್ಮ.

ತಕ್ಕಡಿ ತೃಪ್ತಿಯಿಂದ ಮಹಡಿ ಹತ್ತಿದ. ಫ್ಯಾನು ಆಗ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ತಲೆಗೆ ಸೋಪು ಹಾಕುತ್ತಿದ್ದ. ತಲೆ ಒರೆಸಿಕೊಂಡು ಬಂದವನೇ ಗಡಿಯಾರಕ್ಕೆ, "ನಾನು ರಜೆ ಹಾಕಿದ್ದೀನಿ. ಟ್ಯಾಕ್ಸಿ ಗೊತ್ತುಮಾಡೋದಾದ್ರೂ ಹಿರಿಯರು ಮಾಡಲಿ" ಎಂದ.

"ಹೂಂ" ಎಂದಳು ಅಮ್ಮ.

ಫ್ಯಾನಿನ ಹೆಂಡತಿ ಬ್ರೆಡ್ ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿಯವಳು. ಮನೆ ಏಳುವ ಮೊದಲೇ ಹೊರಟುಬಿಡುವವಳು. ಅತ್ತೆಯ ಸೀರೆ, ಔಷಧಿ, ಚೀಟಿ ಎಲ್ಲ ಚೀಲಕ್ಕೆ ತುಂಬಿಟ್ಟು, "ಬೆಳಿಗ್ಗೆಗೆ ಗಾಡಿ?" ಎಂದಳು ಗಂಡನಿಗೆ.

"ಆಗಿದೆ."

"ಏನಾಗಿದೆ? ಯಾರ ಹತ್ರ ಮಾತಾಡಿದ್ರಿ?"

"ಹೇಳಬೇಕಾದ ಕಡೆ ಹೇಳಿದ್ದೀನಿ ಕಣೆ. ಹೂಂ ಅಂದದ್ದೂ ಆಯ್ತು. ನೀನು ಮಲಗು."

ಗುರುವಾರ ಬೆಳಿಗ್ಗೆ ಮೂವರೂ ಹಾಲಿನಲ್ಲಿ ಸಿದ್ಧವಾಗಿ ಕೂತರು. ಅಮ್ಮ ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದಳು. ತಕ್ಕಡಿ ಇಸ್ತ್ರಿ ಅಂಗಿ ಹಾಕಿದ್ದ. ಫ್ಯಾನೂ ಇಸ್ತ್ರಿ ಅಂಗಿ ಹಾಕಿದ್ದ. ಗಡಿಯಾರ ಯಾರ ಪರವೂ ವಹಿಸದೆ ನಡೆಯುತ್ತಿತ್ತು.

ಬೀದಿಯಲ್ಲಿ ಹಾರನ್ ಕೇಳಿಸಿತು. ಮೂವರೂ ಎದ್ದರು. ಪೇಪರಿನ ವ್ಯಾನು. ಮೂವರೂ ಕೂತರು.

"ಕೆಲವರು ಗೊತ್ತುಮಾಡೋ ಟ್ಯಾಕ್ಸಿನೂ ಅವರ ಹಾಗೇ ನಿಧಾನ" ಎಂದ ಫ್ಯಾನು.

"ಕೆಲವರು ಗೊತ್ತುಮಾಡೋ ಟ್ಯಾಕ್ಸಿಯವನೂ ಎಲ್ಲೋ ಸುತ್ತು ತಿರುಗ್ತಾ ನಿಂತಿರ್ತಾನೆ" ಎಂದ ತಕ್ಕಡಿ.

ಈ ಎರಡು ಮಾತು ಗಡಿಯಾರಕ್ಕೆ ಬಡಿದು ಒಂದಕ್ಕೊಂದು ಎದುರಾದವು. ಇಬ್ಬರೂ ಮೆಲ್ಲಗೆ ಅಮ್ಮನ ಕಡೆ ತಿರುಗಿದರು.

"ನೀನು ಹೂಂ ಅಂದ್ಯಲ್ಲಮ್ಮ!"

"ಇಬ್ಬರಿಗೂ ಅಂದೆ ಕಣ್ರೋ" ಎಂದಳು ಅಮ್ಮ. "ಎರಡು ಟ್ಯಾಕ್ಸಿ ಬರುತ್ತೆ ಅಂದ್ಕೊಂಡಿದ್ದೆ. ಯಾವುದರಲ್ಲಿ ಕೂತರೆ ಇನ್ನೊಬ್ಬನಿಗೆ ಬೇಜಾರಾಗುತ್ತೋ ಅಂತ ರಾತ್ರಿಯೆಲ್ಲ ಯೋಚನೆ ಮಾಡ್ತಿದ್ದೆ."

ಕೊನೆಗೆ ಟೈಲರಮ್ಮನೇ ಯಾರನ್ನೋ ಕಾಡಿ ಬೇಡಿ ಒಂದು ಟ್ಯಾಕ್ಸಿ ತಂದು ನಿಲ್ಲಿಸಿದಳು. ಅಲ್ಲಿಗೂ ಮುಗಿಯಲಿಲ್ಲ. ಮುಂದಿನ ಸೀಟಿನ ಬಾಗಿಲಿಗೆ ಇಬ್ಬರೂ ಕೈ ಹಾಕಿದರು.

"ಆಸ್ಪತ್ರೇಲಿ ಸಹಿ ಹಾಕೋರು ಮುಂದೆ ಕೂರಬೇಕು" ಎಂದ ತಕ್ಕಡಿ, ಟ್ಯಾಕ್ಸಿಯ ಛಾವಣಿಗೆ.

"ರಜೆ ಹಾಕಿದೋರು ಮುಂದೆ ಕೂರಬೇಕು" ಎಂದ ಫ್ಯಾನು, ಅದೇ ಛಾವಣಿಗೆ.

ಡ್ರೈವರು ಪಾಪ ಈ ಮನೆತನಕ್ಕೆ ಹೊಸಬ. "ನೀವಿಬ್ಬರೂ ಯಾರ ಹತ್ರ ಸಾರ್ ಮಾತಾಡ್ತಿರೋದು?" ಎಂದು ತಲೆ ಹೊರಹಾಕಿ ಛಾವಣಿಯ ಮೇಲೆ ಯಾರಾದರೂ ಇದ್ದಾರೋ ಎಂದು ನೋಡಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ಅಮ್ಮ, "ನಾನು ಮುಂದೆ ಬರ್ತೀನಿ, ನೀವಿಬ್ಬರೂ ಹಿಂದೆ ಕೂತ್ಕೊಳ್ಳಿ" ಎಂದು ತಡಕಾಡುತ್ತಾ ಇಳಿದು, ತಡಕಾಡುತ್ತಾ ಮತ್ತೆ ಹತ್ತಿದಳು. ಹಿಂದೆ ಅಣ್ಣತಮ್ಮಂದಿರು ನಡುವೆ ಚೀಲವಿಟ್ಟುಕೊಂಡು, ಒಬ್ಬ ಆ ಕಿಟಕಿ ಇನ್ನೊಬ್ಬ ಈ ಕಿಟಕಿ ನೋಡುತ್ತಾ ಆಸ್ಪತ್ರೆ ಸೇರಿದರು.

ಕೌಂಟರಿನಲ್ಲಿದ್ದ ಗುಮಾಸ್ತೆ ಚೀಟಿ ನೋಡಿ ತಲೆಯಾಡಿಸಿದಳು.

"ಇವರ ಹೆಸರು ಕೂಗಿದ್ವಿ. ಯಾರೂ ಹೂಂ ಅನ್ನಲಿಲ್ಲ. ಮತ್ತೆ ಕೂಗಿದ್ವಿ. ಆಮೇಲೆ ಮುಂದಿನವರನ್ನ ಒಳಗೆ ಕಳಿಸಿದ್ವಿ."

"ಈಗ ಬಂದಿದ್ದೀವಲ್ಲಮ್ಮ!"

"ಡಾಕ್ಟರು ಹೊರಟುಹೋದ್ರಲ್ಲ ಸಾರ್. ಇನ್ನು ಅವರು ಬರೋದು ಚಳಿಗಾಲಕ್ಕೆ. ಇಷ್ಟು ಮುಖ್ಯವಾದ ಕೆಲಸ, ನೀವಿಬ್ಬರು ಗಂಡುಮಕ್ಕಳು ಒಂದು ಮಾತು ಆಡ್ಕೊಂಡು ಬೇಗ ಹೊರಡಬಾರದಿತ್ತಾ?"

ಈ ಪ್ರಶ್ನೆಗೆ ಇಬ್ಬರ ಬಳಿಯೂ ಉತ್ತರವಿತ್ತು. ತಪ್ಪು ಯಾರದೆಂದು ಇಬ್ಬರೂ ಒಟ್ಟಿಗೆ ಹೇಳತೊಡಗಿದರು, ಗುಮಾಸ್ತೆಯ ಹಿಂದಿದ್ದ ಕ್ಯಾಲೆಂಡರಿಗೆ. ಅಮ್ಮ ಕೌಂಟರಿನ ಅಂಚನ್ನು ಬೆರಳಿನಿಂದ ಸವರುತ್ತಾ, "ಚಳಿಗಾಲ ಅಂದ್ರೆ ದೂರ ಏನಮ್ಮ?" ಎಂದು ಕೇಳಿದ್ದು ಆ ಗದ್ದಲದಲ್ಲಿ ಗುಮಾಸ್ತೆಗೊಬ್ಬಳಿಗೇ ಕೇಳಿಸಿತು. ಅವಳು ಚೀಟಿ ಮಡಚಿ ಆಕೆಯ ಕೈಯಲ್ಲಿಟ್ಟಳು.

ಕಾರಿನ ವಿಷಯ ಸುಲಭವಾಗಿ ಮುಗಿಯಿತು. ಫ್ಯಾನಿನ ಹೆಂಡತಿ ಫ್ಯಾಕ್ಟರಿಯಿಂದ ಬರುವ ದಾರಿಯಲ್ಲಿ ಗ್ಯಾರೇಜಿಗೆ ನುಗ್ಗಿ, "ಆ ಎರಡೂ ದರಿದ್ರಗಳನ್ನ ಕಿತ್ತೆಸೀರಿ, ಯಾರು ಕುತ್ತಿಗೆ ಹಿಡೀತಾರೋ ನಾನೂ ನೋಡ್ತೀನಿ" ಎಂದಳು. ಮೇಸ್ತ್ರಿ ಕಿತ್ತ. ಆ ಕ್ಷಣವೇ ವೈಪರ್ ನಿಂತಿತು, ದೀಪಗಳೆಲ್ಲ ಆರಿದವು, ಇಂಜಿನ್ನು ಬೆಕ್ಕಿನ ಹಾಗೆ ಗುರುಗುಟ್ಟಿತು. "ನೋಡಿದ್ರಾ ಅಮ್ಮಾ, ಒಳಗಿರೋರು ಹೆಂಗೆ ಹೊಂದಿಕೊಂಡು ಹೋಗ್ತಾರೆ!" ಎಂದು ಮೇಸ್ತ್ರಿ ಹೆಮ್ಮೆಪಟ್ಟ. ಅವಳು ಅವನ ಟೋಪಿಯನ್ನು ನೋಡಿದ ನೋಟಕ್ಕೆ ಅವನು ಅದನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಕಾರು ಮನೆ ಮುಂದೆ ಹೊಳೆಯುತ್ತಾ ನಿಂತಿತು. ಚಳಿಗಾಲ ಬರುವುದರೊಳಗೆ ಅಮ್ಮನ ಬಾಗಿಲ ಸಂದಿ ಮುಚ್ಚಿಹೋಯಿತು. ಯಾವ ದಿನ ಎಂದು ಯಾರಿಗೂ ಗೊತ್ತಾಗಲಿಲ್ಲ. ಕುರ್ಚಿಯಲ್ಲಿ ಕೂತು ಗೇಟಿನ ಎಡಕ್ಕೂ ಬಲಕ್ಕೂ ತಿರುಗುತ್ತಿದ್ದ ಆಕೆಯ ಕುತ್ತಿಗೆ ಒಂದು ದಿನ ಸುಮ್ಮನಾಗಿತ್ತು, ಅಷ್ಟೇ.

ಅದಾದ ಮೇಲೆ ಒಂದು ಸಂಜೆ ತಕ್ಕಡಿ ಕಚೇರಿಯಿಂದ ಬಂದು ಗಡಿಯಾರದ ಮುಂದೆ ನಿಂತ.

"ಯಾರೋ ಗೇಟು ಹಾರುಹೊಡೆದು ಬಿಟ್ಟಿದ್ದಾರೆ."

ಹೂಂ ಬರಲಿಲ್ಲ. ತಕ್ಕಡಿ ಕೆಮ್ಮಿ, ದನಿ ಏರಿಸಿ ಮತ್ತೆ ಹೇಳಿದ. ಹೂಂ ಬರಲಿಲ್ಲ. ಒಳಗಿನಿಂದ ಫ್ಯಾನು ಬಂದು, "ಗೇಟು ಹಾಕೋದು ಕೊನೇಲಿ ಬಂದೋರ ಕೆಲಸ" ಎಂದ. ಅದಕ್ಕೂ ಹೂಂ ಬರಲಿಲ್ಲ. ಇಬ್ಬರೂ ಹೇಳಿದ್ದನ್ನೇ ಹೇಳುತ್ತಾ ಹೋದರು. ದನಿ ಏರಿತು, ಗಡಿಯಾರದ ಗಾಜು ಅದುರಿತು.

ಅಮ್ಮ ಎದ್ದಳು. ಗೋಡೆ ಹಿಡಿದು ಬಾಗಿಲಿಗೆ, ಬಾಗಿಲು ದಾಟಿ ಅಂಗಳಕ್ಕೆ ಇಳಿದಳು. ಕಾರನ್ನು ಸವರಿಕೊಂಡು ಗೇಟು ತಲುಪಿ, ಸಿಕ್ಕ ಪಾಲನ್ನು ಕೈಯಿಂದ ಮುಟ್ಟಿ ನೋಡಿದಳು.

"ಇದು ಹಸಿರೋ, ಕಪ್ಪೋ?" ಎಂದಳು.

ಹಾಲಿನಿಂದಲೇ ನೋಡುತ್ತಿದ್ದ ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. ಇನ್ನೊಬ್ಬ ಬಾಯಿ ತೆರೆದದ್ದು ಕಂಡು ಇಬ್ಬರೂ ನಿಲ್ಲಿಸಿದರು. ಅವನು ಹೇಳಲಿ ಎಂದು ಇವನು, ಇವನು ಹೇಳಲಿ ಎಂದು ಅವನು.

"ಹೋಗಲಿ ಬಿಡಿ" ಎಂದಳು ಅಮ್ಮ.

ಎದುರು ಮನೆಯ ಹೊಲಿಗೆ ಯಂತ್ರ ನಿಂತಿತು. ಟೈಲರಮ್ಮ ಕತ್ತರಿ ಕೆಳಗಿಟ್ಟು ಬೀದಿಗೆ ಓಡಿ ಬಂದು ಆಕೆಯ ಕೈ ಹಿಡಿದು ಗೇಟಿನಾಚೆಗೆ ಕರೆದುಕೊಂಡಳು. ಗೇಟಿನ ಎರಡೂ ಪಾಲು ಕಿರುಗುಟ್ಟುತ್ತಾ ಕೂಡಿಕೊಂಡವು. ಚಿಲಕ ಬಿದ್ದ ಸದ್ದು ಹಾಲಿನಲ್ಲಿದ್ದ ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು. ಅದು ಹೊರಗಿನಿಂದ ಬಿದ್ದಿತ್ತು.